ಪ್ರತಿ ಪುಟಕ್ಕೂ ಒಂದು ಮುದ್ರೆ

ನಮ್ಮ ಮೇಲಿನ ಮಹಡಿಯ ಮೇಘನಾಳಿಗೆ ಸೈಬರ್‌ಜಯಾದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಸರ್ಕಾರಕ್ಕೆ ವರದಿ ಬರೆದುಕೊಡುವ ಕಂಪನಿ. ಇವಳಿಗೆ ಅಲ್ಲಿನ ದಾಖಲೆ ಕೊಠಡಿಯ ಕೆಲಸ. ಸಿಹಿ ಕೊಡಲು ಬಂದವಳು ನಮ್ಮ ಸೋಫಾದ ಮೇಲೆ ಕಾಲು ಮಡಚಿ ಕುಳಿತು, "ಆಂಟಿ, ಟ್ರೈನಿಂಗ್ ಸೋ ಬೋರಿಂಗ್ ಲಾ. ಹೋಲ್ ಡೇ ಓನ್ಲಿ ಸ್ಟಾಂಪ್, ಸ್ಟಾಂಪ್, ಸ್ಟಾಂಪ್!" ಎಂದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ನಾನು ನಕ್ಕೆ. ಆದರೆ ಅವಳು ಹೋದ ಮೇಲೂ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಅವಳು ಬೋರಿಂಗ್ ಎಂದ ಅದೇ ಮುದ್ರೆಯನ್ನು ಒತ್ತಿಕೊಂಡು ನಾನು ಮೂವತ್ತು ವರ್ಷಕ್ಕೂ ಮೇಲೆ ಅನ್ನ ತಿಂದವಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೇಘನಾ ಕನ್ನಡ ಓದಲಾರಳು, ಅವಳ ಅಮ್ಮ ಓದಿ ಹೇಳುತ್ತಾಳೆ.

ನಾನು ಕಾರ್ಕಳದ ಕಡೆಯವಳು. ಮದುವೆಯಾಗಿ ಈ ದೇಶಕ್ಕೆ ಬಂದೆ. ನನ್ನ ಗಂಡ ಇಲ್ಲೇ ಹುಟ್ಟಿದವರು. ಮಾವ ಮಂಗಳೂರಿನಿಂದ ರೈಲ್ವೆ ಗುಮಾಸ್ತರಾಗಿ ಬಂದು ಬ್ರಿಕ್‌ಫೀಲ್ಡ್ಸ್‌ನಲ್ಲಿ ನೆಲೆ ನಿಂತವರು. ನನಗೆ ಈ ದೇಶದ ಪೌರತ್ವ ಸಿಕ್ಕಿದ ಮೇಲೆ, ಊರಲ್ಲಿ ಕಲಿತ ಗ್ರಂಥಾಲಯ ಶಾಸ್ತ್ರದ ಸರ್ಟಿಫಿಕೇಟ್ ಹಿಡಿದು ಒಂದು ಕಂಪನಿಗೆ ಸೇರಿದೆ. ಅದರ ಹೆಸರು ಹೇಳುವುದಿಲ್ಲ. ಹೇಳದೆ ಇರುವುದೇ ನನ್ನ ಉದ್ಯೋಗವಾಗಿತ್ತು, ಅಭ್ಯಾಸ ಸುಲಭಕ್ಕೆ ಹೋಗುವುದಿಲ್ಲ.

ಈ ದೇಶದಲ್ಲಿ ಸರ್ಕಾರಿ ಗುಟ್ಟಿಗೆ ನಾಲ್ಕು ಮೆಟ್ಟಿಲು. ಕೆಳಗಿನದು ತೆರ್ಹಾದ್, ಅದರ ಮೇಲೆ ಸುಲಿತ್, ಅದರ ಮೇಲಿನವೆರಡನ್ನು ನಾನು ದೂರದಿಂದಲೂ ನೋಡಿದವಳಲ್ಲ. ನಮ್ಮ ಕೊಠಡಿಗೆ ಬರುತ್ತಿದ್ದದ್ದು ಸುಲಿತ್‌ವರೆಗೆ, ಹಸಿರು ರಟ್ಟಿನ ಕಡತಗಳು. ಒಂದು ವಿಷಯ ಗುಟ್ಟು ಹೌದೋ ಅಲ್ಲವೋ ಎಂದು ಮೊದಲು ತೀರ್ಮಾನಿಸುವವರು ಇಲಾಖೆಯ ದೊಡ್ಡವರು. ನಮ್ಮದು ಎರಡನೆಯ ಕೈ. ಅವರ ಹಸಿರು ಕಡತದಿಂದ ನಾಲ್ಕು ಸಾಲು ತೆಗೆದು ನಮ್ಮ ವರದಿಯಲ್ಲಿ ಸೇರಿಸಿದರೆ, ಆ ಗುಟ್ಟಿನ ಗುರುತು ನಮ್ಮ ವರದಿಗೂ ಬರಬೇಕು. ಎಲ್ಲಿಂದ ತೆಗೆದದ್ದು, ಯಾವ ಕಡತ, ಎಷ್ಟನೆಯ ಪ್ಯಾರಾ ಎಂಬುದನ್ನೂ ಬರೆಯಬೇಕು. ಇಷ್ಟೇ ಕೆಲಸ. ಕೇಳಲು ಸಸಾರ.

ನನಗೆ ಇದು ಅರ್ಥವಾದದ್ದು ನನ್ನ ಅಜ್ಜಿಯ ಅಡುಗೆಮನೆಯ ಲೆಕ್ಕದಲ್ಲಿ. ಅನ್ನ ಮುಟ್ಟಿದ ಕೈಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಜಾಡಿಯೂ ಮುಸುರೆ. ಗುಟ್ಟೂ ಹಾಗೆಯೇ, ಮುಟ್ಟಿದ್ದಕ್ಕೆ ಹತ್ತುತ್ತದೆ ಎಂದುಕೊಂಡೆ. ಅರ್ಧ ಪಾಠವನ್ನಷ್ಟೇ ನೆನಪಿಟ್ಟುಕೊಂಡಿದ್ದೆ ಎಂದು ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ನನ್ನ ಮೇಲಧಿಕಾರಿ ಪುವಾನ್ ಅಜೀಜಾ. ಪುವಾನ್ ಎಂದರೆ ನಮ್ಮಲ್ಲಿ ಅಮ್ಮಾ, ಮೇಡಂ ಎಂದ ಹಾಗೆ. ನನಗಿಂತ ಎರಡೇ ವರ್ಷ ದೊಡ್ಡವರು, ಆದರೆ ಅವರು ಕೊಠಡಿಗೆ ಬಂದರೆ ನಾನು ಎದ್ದು ನಿಲ್ಲುತ್ತಿದ್ದೆ. ಸಣ್ಣ ಆಳು, ತಲೆಗೆ ಬಿಗಿಯಾಗಿ ಸುತ್ತಿ ಪಿನ್ ಮಾಡಿದ ತುಡುಂಗ್, ಕಿವಿಯ ಹತ್ತಿರ ಸದಾ ಒಂದು ಮೊಂಡು ಪೆನ್ಸಿಲ್. ಯಾವ ಕರಡು ಕೊಟ್ಟರೂ ಅಂಚಿನಲ್ಲಿ ಎರಡೇ ಪದ ಬರೆದು ವಾಪಸು ಮಾಡುತ್ತಿದ್ದರು: ದರಿ ಮಾನಾ? ಎಲ್ಲಿಂದ? ಪುಟಕ್ಕೆ ಹತ್ತು ಕಡೆ ದರಿ ಮಾನಾ. ಒಮ್ಮೆ ಹೊಸ ಸೀರೆ ಉಟ್ಟು ಹೋದಾಗ ಅದನ್ನೂ ನೋಡಿ "ದರಿ ಮಾನಾ?" ಎಂದರು. ನಾನು ಅಂಗಡಿ, ಬೀದಿ, ಮಹಡಿ ಎಲ್ಲ ಹೇಳಿದೆ. "ಹೀಗೆ ಬರೀಬೇಕು, ವಾರಿಜಾ" ಎಂದು ನಗದೆ ಹೊರಟುಹೋದರು.

ಸೇರಿದ ಎರಡನೆಯ ವರ್ಷ ನನ್ನ ಮೊದಲ ದೊಡ್ಡ ತಪ್ಪು. ಒಂದು ಸಭೆಗೆ ಟಿಪ್ಪಣಿ ಬೇಕಿತ್ತು. ಹಸಿರು ಕಡತ ಓದಿದೆ, ಮುಚ್ಚಿಟ್ಟೆ, ಅರ್ಥವಾದದ್ದನ್ನು ನನ್ನದೇ ಮಾತಿನಲ್ಲಿ ಅರ್ಧ ಪುಟ ಬರೆದೆ. ಮಾತು ನನ್ನದಲ್ಲವೇ, ಒಂದು ಸಾಲನ್ನೂ ನಕಲು ಮಾಡಿಲ್ಲವಲ್ಲ ಎಂದು ಗುರುತು ಹಾಕದೆ ಕಳುಹಿಸಿದೆ. ಅದು ಹದಿನಾಲ್ಕು ಜನರ ಕೈಗೆ ಹೋಯಿತು. ಪುವಾನ್ ಅಜೀಜಾ ನನ್ನನ್ನು ಕರೆದುಕೊಂಡು ಹದಿನಾಲ್ಕು ಮೇಜಿಗೂ ಹೋಗಿ, ಒಂದೊಂದೇ ಹಾಳೆ ವಾಪಸು ಕೇಳಿ ತಂದರು. ಕೊನೆಗೆ ಬಾಗಿಲು ಹಾಕಿ, "ಅಂಗಿ ಬದಲಾಯಿಸಿದರೆ ಮಗುವಿನ ತಾಯಿ ಬದಲಾಗ್ತಾಳಾ?" ಎಂದು ಕೇಳಿದರು. ನನ್ನ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ನೋಡಿಯೂ ನೋಡದ ಹಾಗೆ ನೋಂದಣಿ ಪುಸ್ತಕ ತೆರೆದರು.

ಅಂದಿನಿಂದ ನಾನು ಬಿಸಿ ಹಾಲು ಕುಡಿದ ಬೆಕ್ಕು. ಸಂದೇಹ ಬಂದರೆ ಮುದ್ರೆ, ಬಾರದಿದ್ದರೂ ಮುದ್ರೆ. ಕಡಿಮೆ ಒತ್ತಿದವಳಿಗೆ ಬೈಗುಳ ಉಂಟು, ಹೆಚ್ಚು ಒತ್ತಿದವಳನ್ನು ಯಾರೂ ಕೇಳುವುದಿಲ್ಲ. ಈ ಲೋಕಜ್ಞಾನ ನನಗೆ ಯಾರೂ ಹೇಳಿಕೊಡಲಿಲ್ಲ, ತಾನಾಗಿ ಬಂತು. ಮೇಘನಾ, ನಿನಗೂ ಬರುತ್ತದೆ, ಹುಷಾರು.

ನಗು ಬರುವ ಸಂಗತಿಗಳೂ ಇದ್ದವು. ಒಮ್ಮೆ ಕರಡು ತಿದ್ದುತ್ತ ಕುಳಿತವರೊಬ್ಬರು, ಕೊನೆಯ ಹಾಳೆಯ ಬೆನ್ನು ಖಾಲಿ ಇದೆ ಎಂದು, ಮಧ್ಯಾಹ್ನಕ್ಕೆ ಹೊರಗಿನಿಂದ ಕಟ್ಟಿಸಿ ತರುವ ತಪಾವ್ ಊಟದ ಪಟ್ಟಿಯನ್ನು ಅದರ ಮೇಲೆ ಬರೆದುಬಿಟ್ಟರು. ನಾಸಿ ಲೆಮಾ ನಾಲ್ಕು, ರೋಟಿ ಚನಾಯ್ ಆರು, ಒಂದಕ್ಕೆ ಮೀನಿನ ಸಾರು ಬೇರೆ ಕಟ್ಟಬೇಕು. ಹಾಳೆಯ ಮುಂಭಾಗ ಸುಲಿತ್. ಈಗ ಆ ಪಟ್ಟಿ ಕೊಠಡಿ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ, ಹರಿದು ಬುಟ್ಟಿಗೆ ಹಾಕುವ ಹಾಗೂ ಇಲ್ಲ. ಬೇರೆ ಚೀಟಿಯಲ್ಲಿ ಬರೆದು ಮಾಮಾಕ್ ಹೋಟೆಲಿಗೆ ಕಳಿಸಿದೆವು. ಮೂಲ ಪಟ್ಟಿಯನ್ನು ನಾನೂ ಪುವಾನ್ ಅಜೀಜಾರೂ ಸಾಕ್ಷಿ ಸಹಿ ಹಾಕಿ ಯಂತ್ರದಲ್ಲಿ ಪುಡಿ ಮಾಡಿದೆವು. ಅವರು ಗಂಭೀರವಾಗಿ, "ಮೀನಿನ ಸಾರು ಯಾರಿಗೆ ಅಂತ ಇನ್ನು ಯಾರಿಗೂ ಗೊತ್ತಾಗಲ್ಲ" ಎಂದರು. ಅವರು ತಮಾಷೆ ಮಾಡಬಲ್ಲರೆಂದು ನನಗೆ ಅಂದೇ ತಿಳಿದದ್ದು.

ಆ ಕಾಲದ ಮುದ್ರೆ ಮರದ ಹಿಡಿಯದು, ಕೆಂಪು ಶಾಯಿಯ ಮೆತ್ತೆ. ಪ್ರತಿ ಪುಟದ ತಲೆಗೊಂದು, ಬುಡಕ್ಕೊಂದು. ನಲವತ್ತು ಪುಟ ಮುಗಿಯುವ ಹೊತ್ತಿಗೆ ಹೆಬ್ಬೆರಳು ನೋಯುತ್ತಿತ್ತು. ಆ ನೋವಿಗೂ ಒಂದು ಗುಣವಿತ್ತು ಎಂದು ಈಗ ಅನಿಸುತ್ತದೆ. ಕೈ ನೋಯುವಾಗ ಈ ಪುಟಕ್ಕೆ ನಿಜವಾಗಿಯೂ ಬೇಕೇ ಎಂದು ಮನಸ್ಸು ಒಮ್ಮೆ ಕೇಳುತ್ತದೆ. ಕಂಪ್ಯೂಟರ್ ಬಂದ ಮೇಲೆ ಆ ಪ್ರಶ್ನೆ ಹೋಯಿತು. ಒಂದು ಕಡೆ ಸುಲಿತ್ ಎಂದು ಆರಿಸಿದರೆ ಮುಗಿಯಿತು, ಎಲ್ಲ ಪುಟದ ನೆತ್ತಿಯ ಮೇಲೂ ತಾನೇ ಮೂಡುತ್ತದೆ. ಪ್ಯಾರಾ ಪ್ಯಾರಾಕ್ಕೆ ಬೇರೆ ಗುರುತು ಹಾಕಿ ಎಂದು ನಮ್ಮ ಕೈಪಿಡಿಯಲ್ಲೇ ಇತ್ತು. ಕೈಪಿಡಿ ಕಪಾಟಿನಲ್ಲಿತ್ತು. ಆದರೂ ಆ ಕೊಠಡಿಯ ವಾಸನೆ, ಶಾಯಿ, ಹಳೆಯ ರಟ್ಟು, ಪುವಾನ್ ಅಜೀಜಾರ ಲವಂಗದ ಮಿಠಾಯಿ ನೆನಪಾದರೆ ಇವತ್ತಿಗೂ ಎದ್ದು ಹೋಗಿ ಬಸ್ಸು ಹತ್ತೋಣ ಅನಿಸುತ್ತದೆ.

ಹೀಗಿರುವಾಗ ಕೋವಿಡ್ ಬಂತು. ನನ್ನ ನಿವೃತ್ತಿಗೆ ಇನ್ನೂ ಒಂದೂವರೆ ವರ್ಷವಿತ್ತು.

ಊರೆಲ್ಲ ಮನೆಯಿಂದ ಕೆಲಸ ಮಾಡಿತು. ನಮ್ಮ ಹಸಿರು ಕಡತಗಳು ಮನೆಗೆ ಬರುವ ಹಾಗಿಲ್ಲ. ಆದ್ದರಿಂದ ಕಾರಿನ ಮುಂದಿನ ಗಾಜಿಗೆ ಅನುಮತಿ ಪತ್ರ ಅಂಟಿಸಿಕೊಂಡು, ಪೊಲೀಸರ ತಡೆಗೆ ನಿಂತು, ಖಾಲಿ ಹೆದ್ದಾರಿಯಲ್ಲಿ ನಾನೊಬ್ಬಳೇ ಸೈಬರ್‌ಜಯಾಕ್ಕೆ ಹೋಗಿ ಬರುತ್ತಿದ್ದೆ. ಸುಲಿತ್ ಕಪಾಟು ತೆರೆಯುವಾಗ ಇಬ್ಬರು ಇರಬೇಕು ಎಂಬುದು ನಮ್ಮ ನಿಯಮ. ಇಬ್ಬರ ನಡುವೆ ಅಂತರ ಇರಬೇಕು ಎಂಬುದು ಸರ್ಕಾರದ ನಿಯಮ. ಎರಡನ್ನೂ ಪಾಲಿಸುವಷ್ಟು ದೊಡ್ಡದಾಗಿರಲಿಲ್ಲ ಕೊಠಡಿ. ಕೊನೆಗೆ ಕಾವಲಿನ ಹೆಂಗಸು ಮೂಲೆಗೆ ಬೆನ್ನು ಹಚ್ಚಿ ನಿಲ್ಲುವುದು, ನಾನು ಇನ್ನೊಂದು ಮೂಲೆಯಿಂದ ಕೈ ಚಾಚಿ ಕಪಾಟು ತೆರೆಯುವುದು ಎಂದಾಯಿತು. ಕೈಗೆ ಹಚ್ಚಿದ ಸ್ಯಾನಿಟೈಸರ್ ಆರುವ ಮೊದಲೇ ಹಾಳೆ ಮುಟ್ಟಿದರೆ ಕೆಂಪು ಶಾಯಿ ಕದಡುತ್ತಿತ್ತು. ಆ ವರ್ಷದ ಕಡತಗಳಲ್ಲಿ ನನ್ನ ಬೆರಳಿನ ಗುರುತು ಎಷ್ಟು ಕಡೆ ಇದೆಯೋ!

ಎರಡನೆಯ ವರ್ಷ ಸೋಂಕು ಜೋರಾದಾಗ, ಒಂದು ಮಂಗಳವಾರ ಬೆಳಿಗ್ಗೆ ಡಾಕ್ಟರ್ ಉದಯ ಫೋನ್ ಮಾಡಿದರು. ಉಡುಪಿಯವರು, ಮಣಿಪಾಲದಲ್ಲಿ ಓದಿ, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತ, ಅದಕ್ಕೆ ಸೇರಿದ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರಾಗಿದ್ದರು. ಪ್ರತಿ ಗಣೇಶ ಚೌತಿಗೆ ನಮ್ಮ ಮನೆಗೆ ಊಟಕ್ಕೆ ಬರುವವರು, ನನ್ನನ್ನು ಅಕ್ಕ ಎಂದೇ ಕರೆಯುವವರು.

"ಅಕ್ಕ, ಒಂದು ಉಪಕಾರ ಆಗ್ಬೇಕಿತ್ತು. ನಮ್ಮ ಆಸ್ಪತ್ರೆದ್ದು ಆಕ್ಸಿಜನ್ ಪೈಪ್ ಎಲ್ಲ ಅಳತೆ ಮಾಡಿ ನಿಮ್ಮವರು ಒಂದು ರಿಪೋರ್ಟ್ ಮಾಡಿದ್ರಂತೆ ಅಲ್ವಾ? ನಮ್ಮ ಹತ್ರ ಇದ್ದ ನಕ್ಷೆ ರಿಪೇರಿ ಸಮಯದಲ್ಲಿ ಎಲ್ಲಿ ಹೋಯ್ತೋ ದೇವರಿಗೇ ಗೊತ್ತು."

"ಡಾಕ್ಟ್ರೇ, ಅಂಥದ್ದು ಉಂಟೋ ಇಲ್ವೋ ಅಂತ ಸಹ ನಾನು ಹೇಳುವ ಹಾಗಿಲ್ಲ."

"ಗೊತ್ತುಂಟು ಅಕ್ಕ. ಆದ್ರೆ ಎಂತ ಮಾಡುದು ಹೇಳಿ? ಹಳೇ ಕಟ್ಟಡದಲ್ಲಿ ಹದಿನೆಂಟು ಹಾಸಿಗೆ ಹಾಕಿದ್ದೇವೆ. ಆ ಪೈಪ್ ಎಷ್ಟು ತಡಿತದೆ ಅಂತ ಯಾರಿಗೂ ಗೊತ್ತಿಲ್ಲ. ಆರು ಜನಕ್ಕೆ ಕೊಡುವಾಗ್ಲೇ ಪ್ರೆಶರ್ ಬೀಳ್ತದೆ. ಉಳಿದವರಿಗೆ ನರ್ಸುಗಳು ಸಿಲಿಂಡರ್ ಎಳ್ಕೊಂಡು ಬರ್ತಿದ್ದಾರೆ."

"ಇಲಾಖೆಗೆ ಪತ್ರ ಬರೀರಿ" ಎಂದೆ. ಅದು ಸರಿಯಾದ ಉತ್ತರವೇ ಆಗಿತ್ತು.

ಫೋನ್ ಇಟ್ಟು, ಕಾವಲಿನವಳನ್ನು ಕರೆದು ಕಪಾಟು ತೆರೆದೆ. ವರದಿ ಇತ್ತು. ನಾಲ್ಕು ವರ್ಷದ ಹಿಂದಿನದು, ನಲವತ್ತನಾಲ್ಕು ಪುಟ, ಪ್ರತಿ ಪುಟದ ಮೇಲೂ ಕೆಳಗೂ ಸುಲಿತ್. ಮೂಲ ಎಂಬಲ್ಲಿ ನಾನೇ ಬರೆದ ಒಂದು ಸಾಲು: ಇಲಾಖೆಯ ಕಡತದಿಂದ. ಎಷ್ಟನೆಯ ಪ್ಯಾರಾ, ಯಾವ ಪುಟಕ್ಕೆ, ಏನೂ ಇಲ್ಲ. ಇಲಾಖೆಯ ಕಡತವನ್ನೂ ಪಕ್ಕದಲ್ಲಿಟ್ಟು ಓದುತ್ತ ಹೋದೆ. ಇಲಾಖೆಯ ಗುಟ್ಟು ಇದ್ದದ್ದು ತುರ್ತು ದಾಸ್ತಾನು ಎಲ್ಲೆಲ್ಲಿದೆ ಎಂಬ ಒಂದು ಭಾಗದಲ್ಲಿ ಮಾತ್ರ. ಡಾಕ್ಟರು ಕೇಳಿದ ಪೈಪು, ಕವಾಟಗಳ ಒಂಬತ್ತು ಪುಟ ನಮ್ಮ ಎಂಜಿನಿಯರ್ ಆ ಆಸ್ಪತ್ರೆಯಲ್ಲಿ ಅಡ್ಡಾಡಿ, ಅಳೆದು, ಬರೆದದ್ದು. ಅದು ಯಾವ ಹಸಿರು ಕಡತದಿಂದಲೂ ಬಂದದ್ದಲ್ಲ. ಅದು ಗುಟ್ಟೇ ಅಲ್ಲ. ಅದನ್ನು ಗುಟ್ಟು ಮಾಡಿದವಳು ನಾನು, ಕಂಪ್ಯೂಟರಿನ ಒಂದು ಒತ್ತಿನಲ್ಲಿ.

ಇದು ಗೊತ್ತಾದದ್ದು ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಮೊದಲು.

ಗೊತ್ತಾಗಿ ನಾನೇನು ಮಾಡಿದೆ? ವರದಿಯನ್ನು ವಾಪಸು ಇಟ್ಟು ಬೀಗ ಹಾಕಿದೆ. ಬುಧವಾರ, ಡಾಕ್ಟರು ಪತ್ರ ಬರೆದಿರುತ್ತಾರೆ, ಇಲಾಖೆ ನೋಡಿಕೊಳ್ಳುತ್ತದೆ ಎಂದುಕೊಂಡೆ. ಗುರುವಾರ, ಪುವಾನ್ ಅಜೀಜಾರಿಗೆ ಸೋಂಕು ತಗುಲಿ ಮನೆಯಲ್ಲಿ ಮಲಗಿದ್ದಾರೆ, ಈಗ ಹೇಗೆ ತೊಂದರೆ ಕೊಡುವುದು ಎಂದುಕೊಂಡೆ. ನೆಪಗಳಿಗೆ ಬರವೇ? ಒಳಗಿನ ಮಾತು ಒಂದೇ. ಆ ಹದಿನಾಲ್ಕು ಹಾಳೆ ಬಿಟ್ಟರೆ ಮೂವತ್ತು ವರ್ಷ ಆ ಕೊಠಡಿಯಲ್ಲಿ ನನ್ನ ಹೆಸರಿಗೆ ಒಂದು ಕಪ್ಪು ಚುಕ್ಕೆ ಇರಲಿಲ್ಲ. ತಿದ್ದಬೇಕಾದರೆ ತಿದ್ದುಪಡಿ ಚೀಟಿ ಬರೆಯಬೇಕು, ತಪ್ಪು ಯಾರದು ಎಂಬ ಕಾಲಂ ತುಂಬಬೇಕು. ನಿವೃತ್ತಿಗೆ ಎಂಟು ವಾರವಿತ್ತು. ಎಂಟು ವಾರ ಯಾರೂ ನೋಡದಿದ್ದರೆ ಸಾಕಿತ್ತು.

ಶುಕ್ರವಾರ ಡಾಕ್ಟರಿಂದ ಒಂದು ಮೆಸೇಜು ಬಂತು: "ಅಕ್ಕ, ಏನಾದ್ರೂ ಆಯ್ತಾ?" ಅಷ್ಟೇ. ಅಂದು ರಾತ್ರಿ ತಟ್ಟೆಯ ಮುಂದೆ ಕುಳಿತಾಗ ಅಜ್ಜಿ ನೆನಪಾದಳು. ಸೌಟು ಮುಸುರೆಯಾದರೆ ಅವಳು ಸೌಟನ್ನು ತೊಳೆಯುತ್ತಿದ್ದಳು. ಇಡೀ ಅಡುಗೆಯನ್ನು ಚೆಲ್ಲಿ ಮನೆಮಂದಿಯನ್ನು ಉಪವಾಸ ಕೂರಿಸುತ್ತಿರಲಿಲ್ಲ. ಎಲ್ಲಿ ಮುಟ್ಟಿತು, ಎಲ್ಲಿ ಮುಟ್ಟಲಿಲ್ಲ ಎಂದು ಅವಳಿಗೆ ಸರಿಯಾಗಿ ಗೊತ್ತಿರುತ್ತಿತ್ತು.

ಶನಿವಾರ ಬೆಳಿಗ್ಗೆ ಕೊಠಡಿಗೆ ಹೋಗಿ ಪುವಾನ್ ಅಜೀಜಾರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೆಮ್ಮುತ್ತ ಕೇಳಿಸಿಕೊಂಡರು.

"ಯಾವತ್ತು ಗೊತ್ತಾಯ್ತು?"

"ಮಂಗಳವಾರ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ವರದಿ ತೆಗಿ. ವಿಷಯ ಒಂದಕ್ಷರ ಫೋನಿನಲ್ಲಿ ಬಾಯಿ ಬಿಡಬೇಡ. ಪುಟ ಹೇಳು, ಪ್ಯಾರಾ ಹೇಳು" ಎಂದರು.

"ಪುಟ ಮೂರು, ಪ್ಯಾರಾ ಒಂದು."

"ದರಿ ಮಾನಾ?"

"ನಮ್ಮ ಎಂಜಿನಿಯರ್ ಟಿಪ್ಪಣಿ. ಪಕ್ಕದಲ್ಲೇ ಇದೆ, ಹೊಂದಿಸಿ ನೋಡಿದೆ."

"ಗುರುತು ತೆಗಿ. ಮುಂದೆ."

ಹೀಗೆ ನಲವತ್ತನಾಲ್ಕು ಪುಟ. ಒಂದು ಕೈಯಲ್ಲಿ ಇಲಾಖೆಯ ಕಡತ, ಇನ್ನೊಂದರಲ್ಲಿ ಎಂಜಿನಿಯರ್ ಟಿಪ್ಪಣಿ, ಕಿವಿಗೂ ಭುಜಕ್ಕೂ ನಡುವೆ ಫೋನು. ನಡುವೆ ಅವರಿಗೆ ಉಸಿರು ಕಟ್ಟಿ ಮಾತು ನಿಲ್ಲುತ್ತಿತ್ತು. ಸಾಕು ಪುವಾನ್, ನಾಳೆ ಮಾಡೋಣ ಎಂದರೆ, "ನಾಳೆ ಅಂತ ನೀನು ನಾಲ್ಕು ಸಲ ಹೇಳಿ ಆಯ್ತಲ್ಲ" ಎಂದರು. ಮಧ್ಯಾಹ್ನ ಎರಡಕ್ಕೆ ಮುಗಿಯಿತು. ಗುಟ್ಟು ಉಳಿದದ್ದು ಐದು ಪ್ಯಾರಾಗಳಲ್ಲಿ. ಅವರು ಇಲಾಖೆಯ ಅಧಿಕಾರಿಗೆ ಮಲಗಿದಲ್ಲಿಂದಲೇ ಫೋನ್ ಮಾಡಿದರು. ಆತ ಹತ್ತು ನಿಮಿಷದಲ್ಲಿ ಉತ್ತರ ಕೊಟ್ಟ: ನಮ್ಮ ಕಡತದಿಂದ ತೆಗೆದದ್ದಲ್ಲ ಎಂದಾದರೆ ಕೊಡಿ, ನಮ್ಮನ್ನು ಕೇಳುವುದೇಕೆ?

ಹತ್ತೇ ನಿಮಿಷ.

ತಿದ್ದುಪಡಿ ಚೀಟಿಗೆ ಸಹಿ ಬೇಕಿತ್ತು. ಚೀಟಿಯಲ್ಲಿ ವಿಷಯವೇನೂ ಇರುವುದಿಲ್ಲ, ಪುಟಸಂಖ್ಯೆ ಮಾತ್ರ, ಆದ್ದರಿಂದ ಹೊರಗೆ ಒಯ್ಯಬಹುದು. ಪುವಾನ್ ಮನೆಯ ಗೇಟಿಗೆ ಹೋದೆ. ಎರಡು ಮಾಸ್ಕು ಹಾಕಿ, ಶಾಲು ಹೊದ್ದು, ಗೋಡೆ ಹಿಡಿದುಕೊಂಡು ಬಂದರು. ಕಿವಿಯ ಹತ್ತಿರ ಅದೇ ಪೆನ್ಸಿಲು. ನಾನು ಚೀಟಿಯನ್ನೂ ಪೆನ್ನನ್ನೂ ಅಂಚೆಪೆಟ್ಟಿಗೆಯ ಮೇಲಿಟ್ಟು ದೂರ ಸರಿದೆ. ತಪ್ಪು ಯಾರದು ಎಂಬ ಕಾಲಂನಲ್ಲಿ ನಾನು ನನ್ನ ಹೆಸರು ಬರೆದಿದ್ದೆ. ಅವರು ಅದರ ಪಕ್ಕದಲ್ಲಿ ತಮ್ಮ ಹೆಸರನ್ನೂ ಬರೆದರು.

"ಪುವಾನ್, ತಪ್ಪು ನನ್ನೊಬ್ಬಳದು."

"ಆ ವರದಿಯ ಕೊನೆಯಲ್ಲಿ ಪರಿಶೀಲಿಸಿದೆ ಅಂತ ಸಹಿ ಯಾರದು, ವಾರಿಜಾ? ಅವತ್ತು ನಾನೂ ದರಿ ಮಾನಾ ಕೇಳಲಿಲ್ಲ. ಬೇಗ ಮನೆಗೆ ಹೋಗ್ಬೇಕಿತ್ತು." ಗೇಟಿನಾಚೆ ಅವರ ಕಣ್ಣು ಮಾತ್ರ ಕಾಣುತ್ತಿತ್ತು. "ಹೋಗು ಲಾ. ಬೇಗ ಕಳಿಸು."

ಸಂಜೆಗೆ ಒಂಬತ್ತು ಪುಟ ಡಾಕ್ಟರ ಕೈ ಸೇರಿತು. ಸೋಮವಾರ ಫೋನ್ ಮಾಡಿದರು. ಹಳೆಯ ಕಟ್ಟಡಕ್ಕೆ ಎರಡು ಕಡೆಯಿಂದ ಪೈಪು ಬರುತ್ತಿತ್ತಂತೆ. ಒಂದು ಕಡೆಯ ಕವಾಟವನ್ನು ರಿಪೇರಿ ಮಾಡುವಾಗ ಮುಚ್ಚಿ, ಮೇಲೆ ಹಲಗೆ ಹೊಡೆದುಬಿಟ್ಟಿದ್ದರು. ನಕ್ಷೆ ನೋಡಿ ಹಲಗೆ ಕಿತ್ತು ತೆರೆದರು. ಹದಿನೆಂಟು ಹಾಸಿಗೆಗೂ ಒತ್ತಡ ಬೀಳದೆ ನಿಂತಿತು.

ಪುವಾನ್ ಅಜೀಜಾ ಗುಣವಾಗಿ, ವಿಸ್ತರಿಸಿದ ಸೇವೆ ಮುಗಿಸಿ ನನಗಿಂತ ಮೊದಲೇ ಕೆಲಸ ಬಿಟ್ಟು, ಈಗ ಉತ್ತರದ ಕೆಡಾ ರಾಜ್ಯದ ತಮ್ಮ ಹಳ್ಳಿಯಲ್ಲಿ ಕೋಳಿ ಸಾಕುತ್ತಿದ್ದಾರೆ. ಹಬ್ಬಕ್ಕೆ ನಾನು ಡಬ್ಬಿ ತುಂಬ ಚಕ್ಕುಲಿ ಕಳಿಸಿದರೆ ತಿರುಗಿ ಒಂದೇ ಸಾಲು ಬರುತ್ತದೆ: ದರಿ ಮಾನಾ? ನಾನು ಬರೆಯುತ್ತೇನೆ: ನನ್ನ ಅಡುಗೆಮನೆಯಿಂದ, ಅಕ್ಕಿಹಿಟ್ಟು ಬ್ರಿಕ್‌ಫೀಲ್ಡ್ಸ್ ಅಂಗಡಿಯದು. ನಿವೃತ್ತಿಯ ದಿನ ಕಂಪನಿಯವರು ನನಗೆ ಗಡಿಯಾರ ಕೊಟ್ಟು, ಮೂವತ್ತು ವರ್ಷದಲ್ಲಿ ಒಂದು ಗುಟ್ಟೂ ಸೋರಲಿಲ್ಲ ಎಂದು ಹೊಗಳಿದರು. ಅದು ನಿಜ. ಸೋರಬೇಕಾದದ್ದೂ ಸೋರಲಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ.

ಮೇಘನಾ, ನಿನಗೆ ಹೇಳಬೇಕಾದದ್ದು ಇಷ್ಟೇ. ಮುದ್ರೆ ಒತ್ತುವುದನ್ನು ಒಂದು ದಿನದಲ್ಲಿ ಕಲಿಸುತ್ತಾರೆ. ಎಲ್ಲಿ ಒತ್ತಬಾರದು ಎಂಬುದಕ್ಕೆ ಧೈರ್ಯ ಬೇಕು, ಅದನ್ನು ಟ್ರೈನಿಂಗಿನಲ್ಲಿ ಕೊಡುವುದಿಲ್ಲ.

ನಿರ್ಬಂಧ ಸಡಿಲವಾದ ಮೇಲೆ ಡಾಕ್ಟರು ನಮ್ಮ ಮನೆ ಹತ್ತಿರದ ಮಾಮಾಕ್‌ಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದರು. ಬಡಕಲಾಗಿದ್ದರು, ತಲೆ ಪೂರ್ತಿ ನರೆತಿತ್ತು. "ಸರಿಯಾದ ಹೊತ್ತಿಗೆ ಸಿಕ್ತು ಅಕ್ಕ, ನಿಮ್ಮ ಉಪಕಾರ ಮರಿಲಿಕ್ಕಿಲ್ಲ" ಎಂದರು. ನಾನು, "ಇಲಾಖೆಯಲ್ಲಿ ಸ್ವಲ್ಪ ತಡ ಆಯ್ತು ಮಾರಾಯ್ರೇ" ಎಂದುಬಿಟ್ಟೆ. ಅವರು ತಲೆಯಾಡಿಸಿದರು.

ಡಾಕ್ಟ್ರೇ, ಕನ್ನಡದಲ್ಲಿ ಯಾರು ಏನು ಬರೆದರೂ ಹುಡುಕಿ ಓದುವವರು ನೀವು, ಇದನ್ನೂ ಓದುತ್ತೀರಿ. ಇಲಾಖೆ ತಡ ಮಾಡಲಿಲ್ಲ. ಆ ಒಂಬತ್ತು ಪುಟ ಮಂಗಳವಾರ ಸಂಜೆಗೇ ನಿಮ್ಮ ಕೈಯಲ್ಲಿ ಇರಬಹುದಿತ್ತು. ಆ ನಾಲ್ಕು ದಿನ ಎಲ್ಲಿಂದ ಬಂತು ಎಂದು ಕೇಳಿದರೆ, ನನ್ನಿಂದ ಬಂತು. ಆ ನಾಲ್ಕು ದಿನ ನಿಮ್ಮ ಹಳೆಯ ಕಟ್ಟಡದಲ್ಲಿ ಏನಾಯಿತು ಎಂದು ನಾನು ಇದುವರೆಗೆ ಕೇಳಿಲ್ಲ. ಈಗ ಕೇಳುತ್ತಿದ್ದೇನೆ. ಈ ಸಲ ಚೌತಿಗೆ ಊಟಕ್ಕೆ ಬಂದಾಗ ಹೇಳಿ.